ನಾಯಿಗೂಡಿನ ಪಾಲು

ಮೊದಲನೆಯ ವಿಚಾರಣೆಯ ದಿನ ಸೀತು ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ನಿಂತುಬಿಟ್ಟಿತು.

ಮೊಬೈಲಿನ ಪರದೆಯಲ್ಲಿ ಅವಳ ಒಂದು ಕಣ್ಣು ಅರ್ಧ ಮುಚ್ಚಿತ್ತು. ತುಟಿ ಓರೆಯಾಗಿತ್ತು. ಹಲ್ಲೆಲ್ಲ ಹೊರಗಿತ್ತು. ಪಕ್ಕದ ಚೌಕದಲ್ಲಿ ತೋಟದ ಮನೆಯ ಜಯಪ್ರಕಾಶರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಪುತ್ತೂರಿನ ದರ್ಬೆಯ ವಕೀಲರ ಆಫೀಸಿನಲ್ಲಿ ಕೂತಿದ್ದರು. ಅವರು ಕಣ್ಣು ಮಿಟುಕಿಸಿದ್ದೂ ನಮಗೆ ಕಾಣುತ್ತಿತ್ತು. ಮೇಲಿನ ಚೌಕದಲ್ಲಿ ವಿಚಾರಣೆ ನಡೆಸುವ ಮಂಗಳೂರಿನ ಅಧಿಕಾರಿ ಮೇಡಂ.

"ಅರ್ಜಿದಾರರೇ, ನಿಮಗೆ ಹೇಳುವುದೇನಾದರೂ ಇದೆಯೇ?" ಎಂದು ಮೇಡಂ ಕೇಳಿದರು.

ಸೀತು ಹೇಳುತ್ತಲೇ ಇದ್ದಳು. ದಾರಿಯ ವಿಷಯ ಹೇಳಿದಳು. ಗೇಟಿನ ವಿಷಯ ಹೇಳಿದಳು. ಗಂಡನನ್ನು ಹೊತ್ತು ತೋಡಿನ ನೀರು ದಾಟಿಸಿದ ವಿಷಯ ಹೇಳಿದಳು. ಆ ಕಡೆಗೆ ಮುಟ್ಟಿದ್ದು "ದಾ... ಗೇ... ತೋ..." ಅಷ್ಟೇ ಇರಬೇಕು. ಮೇಡಂ ಸ್ವಲ್ಪ ಕಾದರು. ಮತ್ತೆ ಪಕ್ಕಕ್ಕೆ ತಿರುಗಿ, "ಅರ್ಜಿದಾರರು ಏನೂ ಹೇಳಲಿಲ್ಲ ಎಂದು ಬರೆದುಕೊಳ್ಳಿ. ಇನ್ನೊಂದು ಅವಕಾಶ ಕೊಡೋಣ" ಎಂದರು.

ಕಾಲನಿಯ ಸಮುದಾಯ ಭವನದಲ್ಲಿ ನಾವೆಲ್ಲ ಅವಳ ಬೆನ್ನ ಹಿಂದೆ ನಿಂತಿದ್ದೆವು. ಮೊದಲು ನಕ್ಕದ್ದು ತಿಮ್ಮಕ್ಕ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ದಪ್ಪದವಳು.

"ಸೀತೂ, ನಿನಗೆ ಇಷ್ಟು ಚೆಂದದ ಹಲ್ಲು ಉಂಟೂಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ!"

ಎಲ್ಲರೂ ನಕ್ಕೆವು. ಸೀತುವೂ ನಕ್ಕಳು. ನಕ್ಕು ಮುಗಿದ ಮೇಲೆ ಅವಳು ಫೋನನ್ನು ಬೆಂಚಿನ ಮೇಲೆ ಕವುಚಿ ಹಾಕಿದಳು. "ನಾನು ಹೇಳ್ಲಿಲ್ಲವಾ? ನೀವೆಲ್ಲ ಕೇಳ್ಲಿಲ್ಲವಾ?" ಎಂದಳು. ಆಗ ಯಾರಿಗೂ ನಗು ಬರಲಿಲ್ಲ.

ನಮ್ಮದು ಪೆರ್ಲಪದವು. ರಾಮಕುಂಜದಿಂದ ಒಳಗೆ ಹೋಗಬೇಕು. ಗುಡ್ಡದ ಮೇಲೆ ದಲಿತರ ಹದಿನಾಲ್ಕು ಮನೆ. ಬುಡದಲ್ಲಿ ಜಯಪ್ರಕಾಶರ ತೋಟದ ಮನೆ. ರಸ್ತೆಯಿಂದ ಮೇಲೆ ಬರುವ ದಾರಿ ಅವರ ಬೇಲಿಯ ಪಕ್ಕದಲ್ಲೇ ಹಾದು ಬರುತ್ತದೆ. ನಮ್ಮ ಅಜ್ಜಂದಿರು ಕಲ್ಲು ಕಿತ್ತು ಮಾಡಿದ ದಾರಿ ಅದು. ಎರಡು ವರ್ಷದ ಹಿಂದೆ ಜಯಪ್ರಕಾಶರು ಅದಕ್ಕೆ ಕಬ್ಬಿಣದ ಗೇಟು ಹಾಕಿಸಿದರು. ಗೇಟಿಗೆ ಬೀಗ. ಗೇಟಿನ ಬದಿಯಲ್ಲಿ ಒಬ್ಬರು ಸೊಂಟ ಓರೆ ಮಾಡಿ ನುಸುಳುವಷ್ಟು ಸಂದು. ತಿಮ್ಮಕ್ಕ ಒಮ್ಮೆ ಅದರಲ್ಲಿ ಸಿಕ್ಕಿಬಿದ್ದು, ಅವಳನ್ನು ಹಿಂದಿನಿಂದ ಇಬ್ಬರು ಎಳೆದು, ಮುಂದಿನಿಂದ ಒಬ್ಬರು ದೂಡಿ ಬಿಡಿಸಬೇಕಾಯಿತು.

ರಿಕ್ಷಾ ಬರುವುದು ನಿಂತಿತು. ಗ್ಯಾಸಿನ ಗಾಡಿಯೂ ಗೇಟಿನ ಹೊರಗೇ ಸಿಲಿಂಡರ್ ಇಳಿಸಿ ಹೋಗತೊಡಗಿತು. ನಾವು ಅದನ್ನು ಸಂದಿನಲ್ಲಿ ಉರುಳಿಸಿ, ತಲೆಯ ಮೇಲೆ ಸಿಂಬೆ ಇಟ್ಟು ಗುಡ್ಡ ಹತ್ತಿಸಿದೆವು. ಕುತ್ತಿಗೆಯ ನರ ಹಿಡಿದುಕೊಂಡರೆ ಒಂದು ವಾರ ತಲೆ ತಿರುಗಿಸಲು ಆಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕು.

ಆಮೇಲೆ ಇಂಟರ್‌ನೆಟ್ಟಿನ ಕೇಬಲ್ ಬಂತು. ಸುತ್ತ ಇನ್ನೂ ಎತ್ತರದ ಗುಡ್ಡಗಳಿರುವ ನಮ್ಮ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಕೇಬಲಿನ ಲತೀಶ್ ಕಂಬ ತಂದ. ಜಯಪ್ರಕಾಶರ ಮನೆಗೊಂದು ಲೈನು, ನಮ್ಮ ಭವನಕ್ಕೊಂದು ಲೈನು ಎಂದ. ಕಂಬದ ಲಾರಿಗೆ ಗೇಟು ತೆರೆಯಲಿಲ್ಲ. ಕಂಬಗಳನ್ನು ಹೊತ್ತದ್ದು ನಾವು. ತೋಡಿನ ಬದಿಯಲ್ಲಿ ಸೀತುವಿನ ಗಂಡ ಸೀನನ ಹೆಗಲಿನಿಂದ ಒಂದು ಕಂಬ ಜಾರಿ, ಅವನ ಬಲಗಾಲಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನಾನು ಕೇಳಿದ್ದೇನೆ. ಹಸಿ ಬಿದಿರು ಸೀಳಿದ ಹಾಗೆ.

ಕಾಲಿಗೆ ರಾಡು ಹಾಕಿದರು. ತೋರಿಸಲು ಆಗಾಗ ಪುತ್ತೂರಿಗೆ ಹೋಗಬೇಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತೊಯ್ಯುತ್ತೇವೆ. ಕುರ್ಚಿ ಸಂದಿನಲ್ಲಿ ಹಿಡಿಯುವುದಿಲ್ಲ. ಹಾಗಾಗಿ ತೋಡಿಗೆ ಇಳಿದು, ಮೊಣಕಾಲು ನೀರಿನಲ್ಲಿ ನಡೆದು, ಆಚೆ ದಡದ ದರೆ ಹತ್ತಬೇಕು.

ಸೀತು ಅರ್ಜಿ ಕೊಟ್ಟದ್ದು ಇದಕ್ಕೆ. ವಿಚಾರಣೆ ವೀಡಿಯೋದಲ್ಲಿ ಎಂದು ನೋಟಿಸು ಬಂತು. ಸಂತೋಷವಾಯಿತು. ಸೀನನನ್ನು ಹೊರಬೇಕಾಗಿಲ್ಲವಲ್ಲ.

ಸೀತುವಿನ ಮುಖ ನಿಂತುಹೋದ ಮರುದಿನ ಲತೀಶನನ್ನು ಕರೆಸಿದೆವು. ಅವನು ಕಂಬದ ಬಾಕ್ಸ್ ತೆರೆದು, ನೋಡಿ, ಮುಚ್ಚಿದ.

"ಲೈನ್ ಸರಿಯೇ ಉಂಟಲ್ಲ ಸೀತಕ್ಕ. ನೀವು ಧಾರಾವಾಹಿ ಎಲ್ಲ ನೋಡ್ತೀರಿ."

"ನೋಡ್ಲಿಕ್ಕೆ ಆಗ್ತದೆ. ಹೇಳ್ಲಿಕ್ಕೆ ಆಗುದಿಲ್ಲ."

"ಅದು ಹಾಗೆ. ಬರುವ ದಾರಿ ಅಗಲ, ಹೋಗುವ ದಾರಿ ಸಪೂರ. ನೀವು ಕಳಿಸುದು, ತೋಟದ ಮನೆಯ ಜಯಣ್ಣ ಕಳಿಸುದು, ಎರಡೂ ಆ ಸಪೂರ ದಾರಿಯಲ್ಲೇ ಹೋಗ್ಬೇಕು."

"ಅದನ್ನು ಹಂಚುದು ಯಾರು?"

"ಬಾಕ್ಸ್. ಅದು ಯಾರ ಮುಖವೂ ನೋಡುದಿಲ್ಲ. ಎಲ್ಲರಿಗೂ ಸಮ ಸಮ."

"ಹಾಗಾದ್ರೆ ಅರ್ಧ ನಮಗೆ ಬರ್ಬೇಕಲ್ಲ?"

ಲತೀಶ್ ತಲೆ ಕೆರೆದುಕೊಂಡ. "ಅದು ಮನೆ ಲೆಕ್ಕ ಅಲ್ಲ ಅಕ್ಕ. ಕಳಿಸುವ ಸಾಮಾನಿನ ಲೆಕ್ಕ. ನಿಮ್ಮ ಫೋನಿಗೆ ಒಂದು ಪಾಲು. ಅವರ ಒಂದೊಂದು ಕ್ಯಾಮೆರಾಕ್ಕೂ ಒಂದೊಂದು ಪಾಲು."

"ಎಷ್ಟುಂಟು ಕ್ಯಾಮೆರಾ?"

ಅವನು ಬೆರಳು ಮಡಚಿದ. ಗೇಟಿಗೆ ಎರಡು. ಅಂಗಳಕ್ಕೆ, ಅಡಿಕೆ ಒಣಗುವಲ್ಲಿಗೆ, ಕಾರಿನ ಶೆಡ್ಡಿಗೆ, ಹಟ್ಟಿಗೆ, ಪಂಪಿನ ಮನೆಗೆ, ಬೇಲಿಯುದ್ದಕ್ಕೆ. ಎರಡು ಕೈಯ ಬೆರಳು ಮುಗಿದು ಮತ್ತೆ ಮೊದಲಿನಿಂದ ಮಡಚಿದ. "ಗೊಬ್ಬರದ ಗುಂಡಿಗೊಂದು. ಮತ್ತೆ ನಾಯಿಗೂಡಿಗೊಂದು."

"ನಾಯಿಗೂಡಿಗೆ?"

"ನಾಯಿ ಒಳ್ಳೆ ಜಾತಿದ್ದು ಅಕ್ಕ."

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಸೀತು ಮಾತ್ರ ಬಿಡಲಿಲ್ಲ.

"ಆ ನಾಯಿಗೊಂದು ಪಾಲು. ನಮ್ಮ ಹದಿನಾಲ್ಕು ಮನೆಗೂ ಸೇರಿ ಒಂದು ಪಾಲು. ಗೊಬ್ಬರದ ಗುಂಡಿಗೂ ನನ್ನಷ್ಟೇ?"

"ಸಮ ಅಕ್ಕ. ಬಾಕ್ಸ್ ಭೇದ ಮಾಡುದಿಲ್ಲ."

"ಒಳ್ಳೆ ಬಾಕ್ಸ್," ಎಂದಳು ತಿಮ್ಮಕ್ಕ. "ಗೊಬ್ಬರದ ಗುಂಡಿ ಎಂತ ಹೇಳ್ತದೆ ಅಂತ ಮೇಡಂಗೆ ಸರಿ ಕೇಳ್ಬಹುದು."

ಬೇರೆ ರೀತಿ ಹಂಚು ಎಂದು ಸೀತು ಕೇಳಿದಳು. ಜಯಣ್ಣ ದೊಡ್ಡ ಗಿರಾಕಿ, ಅವರ ಮಾತಿಲ್ಲದೆ ಆಗುವುದಿಲ್ಲ ಎಂದು ಲತೀಶ್ ಬೈಕು ಹತ್ತಿದ.

ಸೀತು ತೋಟದ ಮನೆಗೆ ಹೋದಳು. ಜೊತೆಗೆ ನಾನು. ಅಂಗಳದ ಅಂಚಿನಲ್ಲಿ ನಿಂತೆವು. ಬಿಸಿಲಿತ್ತು. ಜಯಪ್ರಕಾಶರು ಚಾವಡಿಯಲ್ಲಿ ಕೂತು ಫೋನು ನೋಡುತ್ತಿದ್ದರು. ಅವರು ಬೈಯುವವರಲ್ಲ. ದನಿ ಎತ್ತುವವರೂ ಅಲ್ಲ. ಅದೇ ಕಷ್ಟ.

"ಧಣಿ, ವಿಚಾರಣೆ ದಿನ ಒಂದು ಅರ್ಧ ಗಂಟೆ ಕ್ಯಾಮೆರಾ ನಿಲ್ಲಿಸ್ತೀರಾ? ನನ್ನ ಮಾತು ಹೋಗುದಿಲ್ಲ."

"ಅಯ್ಯೋ ಸೀತು, ನಿಲ್ಲಿಸಿದ್ರೆ ಕಳ್ಳರು ಬರ್ತಾರಲ್ಲ."

"ಯಾರು ಕಳ್ಳರು?"

"ನಾನು ಯಾರ ಹೆಸರೂ ಹೇಳ್ಲಿಲ್ಲಪ್ಪ." ಅವರು ನಕ್ಕರು. "ಅಲ್ಲ, ನೀವೇ ಅಲ್ವಾ ಸಮಾನ ಬೇಕು ಸಮಾನ ಬೇಕು ಅಂತ ಹೇಳುದು? ಈಗ ಮಿಷಿನೇ ಸಮ ಹಂಚ್ತದೆ. ಸಮ ಸಿಕ್ಕಿದ ಮೇಲೆ ಹೆಚ್ಚು ಕೇಳಿದ್ರೆ ಹೇಗೆ?"

ಅಷ್ಟರಲ್ಲಿ ನಾಯಿ ಬೊಗಳಿತು. ಅದಕ್ಕೆ ನೀರಿಡಲು ಒಳಗೆ ಕೂಗಿ ಹೇಳಿದರು. ನಮಗೆ ಬಾಯಾರಿಕೆಯಾಗಿತ್ತು. ನಾವು ಕೇಳಲಿಲ್ಲ.

ಹಿಂದೆ ಬರುವಾಗ ಸೀತು ಗೇಟು ಹಿಡಿದು ನಿಂತಳು. ಸಿಟ್ಟಿನಲ್ಲಿ ಅವಳಿಗೆ ಏದುಸಿರು ಬಂದಿತ್ತು. ಆಗ ಗೇಟಿನ ಕಂಬದ ಮೇಲಿನಿಂದ ದನಿ ಬಂತು.

"ಗೇಟು ಹಿಡಿದು ನಿಲ್ಬೇಡ ಸೀತು. ಬಣ್ಣ ಹೋಗ್ತದೆ."

ಕ್ಯಾಮೆರಾದೊಳಗಿನ ಜಯಪ್ರಕಾಶರು. ನಾನು ಬೆಚ್ಚಿಬಿದ್ದೆ. ಸೀತು ಕೈ ತೆಗೆಯಲಿಲ್ಲ. ಕತ್ತೆತ್ತಿ ಕೇಳಿದಳು.

"ಇಲ್ಲಿ ನಿಂತದ್ದು ನಿಮಗೆ ಕಾಣ್ತದಾ ಧಣಿ?"

"ಸರಿ ಕಾಣ್ತದೆ. ನಿನ್ನ ಮೂಗುಬೊಟ್ಟು ಸಹ ಕಾಣ್ತದೆ."

"ಮಾತಾಡಿದ್ದು ಕೇಳ್ತದಾ?"

"ಪುತ್ತೂರಲ್ಲಿದ್ರೂ ಕೇಳ್ತದೆ. ಗೇಟಿನ ಹತ್ರ ಒಂದು ಬೆಕ್ಕು ಸುಳಿದ್ರೂ ನನ್ನ ಫೋನ್ ಬಡ್ಕೊಳ್ತದೆ. ಹಾಗೆ ಇಟ್ಟಿದ್ದೇನೆ."

ಗುಡ್ಡ ಹತ್ತುವಾಗ ಸೀತು ಒಬ್ಬಳೇ ನಗುತ್ತಿದ್ದಳು. ಬಿಸಿಲು ತಲೆಗೆ ಏರಿತೆಂದು ನಾನು ಅಂದುಕೊಂಡೆ. ಭವನಕ್ಕೆ ಬಂದವಳೇ ಲತೀಶನಿಗೆ ಫೋನು ಹಚ್ಚಿದಳು.

"ಲತೀಶ, ಕ್ಯಾಮೆರಾಕ್ಕೂ ಒಂದೇ ಪಾಲು, ನನಗೂ ಒಂದೇ ಪಾಲು ಅಂದಿಯಲ್ಲ. ಅದರಲ್ಲಿ ನನ್ನ ಮೂಗುಬೊಟ್ಟು ಕಾಣ್ತದೆ, ಇದರಲ್ಲಿ ಮೂಗೇ ಕಾಣುದಿಲ್ಲ. ಯಾಕೆ?"

"ಕ್ಯಾಮೆರಾದ್ದು ಸ್ವಲ್ಪ ತಡ ಆಗಿ ಹೋದ್ರೂ ಪೂರ್ತಿ ಹೋಗ್ತದೆ ಅಕ್ಕ. ಅದಕ್ಕೆ ಅರ್ಜೆಂಟಿಲ್ಲ. ಎದುರೆದುರು ಮಾತಾಡುವಾಗ ತಡ ಆದದ್ದನ್ನು ಬಿಸಾಡ್ತದೆ. ಅದಕ್ಕೆ ನಿಮ್ಮ ಮುಖ ಚೂರು ಚೂರು."

"ನನಗೂ ಅರ್ಜೆಂಟಿಲ್ಲ," ಎಂದು ಸೀತು ಫೋನಿಟ್ಟಳು.

ಎರಡನೆಯ ವಿಚಾರಣೆಯ ದಿನ ಭವನದಲ್ಲಿ ಫೋನಿನ ಎದುರು ತಿಮ್ಮಕ್ಕ ಒಬ್ಬಳನ್ನೇ ಕೂರಿಸಿದೆವು. ಗೈರುಹಾಜರು ಎನ್ನಬಾರದಲ್ಲ. ಮಿಕ್ಕವರೆಲ್ಲ ಗುಡ್ಡ ಇಳಿದೆವು. ಕುರ್ಚಿಯಲ್ಲಿ ಸೀನ. ಅವನಿಗೆ ಕ್ಷೌರ ಮಾಡಿಸಿ, ಅಂಗಿ ಹಾಕಿಸಿ, ಪೌಡರ್ ಬಳಿದಿದ್ದೆವು. ಕುರ್ಚಿಯ ಒಂದು ಕಾಲು ನನ್ನ ಹೆಗಲ ಮೇಲಿತ್ತು.

"ಮದುವೆ ದಿನ ಸಹ ನನ್ನನ್ನು ಯಾರೂ ಹೊರ್ಲಿಲ್ಲ," ಎಂದ ಸೀನ.

"ಮಾತಾಡ್ಬೇಡ, ಭಾರ ಆಗ್ತದೆ," ಎಂದೆ.

ಗೇಟಿನ ಒಳಮಗ್ಗುಲಲ್ಲಿ, ಎರಡೂ ಕ್ಯಾಮೆರಾಗಳ ಕೆಳಗೆ, ಕುರ್ಚಿ ಇಳಿಸಿದೆವು. ಹೆಂಗಸರು, ಗಂಡಸರು, ಕೋಲೂರಿ ಬಂದ ಮುದುಕರು, ಎಲ್ಲ ಸಾಲಾಗಿ ನಿಂತೆವು. ಸೀತು ಕ್ಯಾಮೆರಾ ನೋಡಿ ಹೇಳತೊಡಗಿದಳು. "ಮೇಡಂ, ನಾನು ಪೆರ್ಲಪದವಿನ ಸೀತು. ನಾನು ಹಾಜರಿದ್ದೇನೆ." ನಿಲ್ಲಿಸಿದಳು. ಮತ್ತೆ ಅದನ್ನೇ ಹೇಳಿದಳು. ಒಂದೊಂದು ಸಲಕ್ಕೂ ನಾವು ಕೈ ಬೀಸಿ ಕುಣಿದೆವು. ಬೆಕ್ಕು ಸುಳಿದರೆ ಸಾಕಲ್ಲ.

ದರ್ಬೆಯಲ್ಲಿ ನಡೆದದ್ದನ್ನು ಆಮೇಲೆ ನಮಗೆ ಹೇಳಿದವಳು ಭವಿತಾ. ಆ ವಕೀಲರ ಆಫೀಸಿನಲ್ಲಿ ಟೈಪು ಮಾಡುವ ಹುಡುಗಿ. ಹೇಳುವಾಗ ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂತು.

ಜಯಪ್ರಕಾಶರು ಮೇಡಂ ಎದುರು ಹೇಳುತ್ತಿದ್ದರಂತೆ: "ಗೇಟಿಗೆ ಬೀಗ ಹಾಕುವುದೇ ಇಲ್ಲ ಮೇಡಂ. ದನ ಬರಬಾರದು ಅಂತ ಮುಚ್ಚಿ ಇಡುವುದು ಅಷ್ಟೇ. ಅವರು ಯಾವಾಗ ಬೇಕಾದರೂ ಹೋಗಬಹುದು, ಬರಬಹುದು." ಮೇಜಿನ ಮೇಲಿನ ಫೋನು ಟಿಣ್ ಎಂದಿತು. ಮತ್ತೆ ಟಿಣ್ ಟಿಣ್. ವಕೀಲರು ಕಣ್ಣು ಬಿಟ್ಟರು. ಜಯಪ್ರಕಾಶರು ಅದರ ಬಾಯಿ ಮುಚ್ಚಿಸಲು ಹೆಬ್ಬೆರಳು ಒತ್ತಿದರು. ಒತ್ತಿದ್ದು ತಪ್ಪು ಜಾಗಕ್ಕೆ. ಆಫೀಸಿಡೀ ಕೇಳುವಂತೆ ಸೀತುವಿನ ಸ್ವರ ಎದ್ದಿತು.

"ನಾನು ಪೆರ್ಲಪದವಿನ ಸೀತು. ನಾನು ಹಾಜರಿದ್ದೇನೆ."

"ಯಾರದು?" ಎಂದರು ಮೇಡಂ.

"ಏನಿಲ್ಲ ಮೇಡಂ. ಮನೆಯ ಕ್ಯಾಮೆರಾ."

"ಅರ್ಜಿದಾರರ ಹೆಸರು ಕೇಳಿಸಿತಲ್ಲ. ಆ ಫೋನನ್ನು ಇತ್ತ ಹಿಡಿಯಿರಿ."

ಹಿಡಿಯದೆ ಉಪಾಯವಿರಲಿಲ್ಲ. ಜಯಪ್ರಕಾಶರು ತಮ್ಮ ಫೋನನ್ನು ವಕೀಲರ ಕಂಪ್ಯೂಟರಿನ ಕಣ್ಣಿಗೆ ಹಿಡಿದರು. "ಕೈ ಅಲ್ಲಾಡಿಸಬೇಡಿ," ಎಂದರು ಮೇಡಂ. "ಅವರಿಗೆ ನನ್ನ ಪ್ರಶ್ನೆ ಮುಟ್ಟಿಸಲು ಆಗುತ್ತದೆಯೇ?" ಆಗುತ್ತದೆ. ಹಾಗೆ ಇಟ್ಟವರು ಅವರೇ.

ಇತ್ತ ನಮ್ಮ ತಲೆಯ ಮೇಲೆ ಕಂಬ ಕೆಮ್ಮಿತು.

"ಸೀತು... ಮೇಡಂ ಕೇಳ್ತಿದ್ದಾರೆ... ಗೇಟಿಗೆ ಬೀಗ ಉಂಟಾ ಅಂತ."

ನಾವು ಮುಖ ಮುಖ ನೋಡಿಕೊಂಡೆವು. ಸೀತು ಬೀಗವನ್ನು ಎತ್ತಿ ಹಿಡಿದಳು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದಾಗುವಂತೆ ಅಲ್ಲಾಡಿಸಿದಳು.

ನಾವು ಕತ್ತೆತ್ತಿ ಕಾದೆವು. ಚಿತ್ರ ನಿಧಾನಕ್ಕೆ ಹೋಗಿ ಮುಟ್ಟಬೇಕಲ್ಲ.

"ಅದು... ಹಾಕಿದ್ದು ಯಾರು ಅಂತ ಕೇಳ್ತಿದ್ದಾರೆ."

"ಈಗ ಕೇಳ್ತಾ ಇರುವವರೇ ಹಾಕಿದ್ದು ಅಂತ ಹೇಳಿ, ಜಯಪ್ರಕಾಶರೇ."

ಧಣಿ ಎನ್ನಲಿಲ್ಲ. ಹೆಸರು ಹಿಡಿದೇ ಕರೆದಳು. ನನ್ನ ಪಕ್ಕದ ಮುದುಕನೊಬ್ಬ ಅಭ್ಯಾಸಬಲದಿಂದ ಹೆಗಲ ಮೇಲಿನ ಬೈರಾಸಿನ ಬಟ್ಟೆ ತೆಗೆದವನು, ಯೋಚಿಸಿ, ಮತ್ತೆ ಹೆಗಲಿಗೇ ಹಾಕಿಕೊಂಡ.

"ಕುರ್ಚಿಯಲ್ಲಿ ಇರುವುದು ಯಾರು ಅಂತ..."

"ನನ್ನ ಗಂಡ. ನಿಮ್ಮ ಈ ಮಾತು ಹೋಗುವ ಕಂಬ ಹೊತ್ತವ."

ಸೀನ ಪ್ಯಾಂಟು ಮೇಲೆ ಸರಿಸಿ ಕಾಲು ತೋರಿಸಿದ. ಮಂಡಿಯಿಂದ ಕೆಳಗೆ ಹೊಲಿದ ಗುರುತು. ಆಮೇಲೆ ನಾವು ಕುರ್ಚಿ ಎತ್ತಿ ಸಂದಿಗೆ ಹಾಕಿದೆವು. ಕುರ್ಚಿ ಸಿಕ್ಕಿಕೊಂಡಿತು. ದೂಡಿದೆವು. ಸೀನ ಓರೆಯಾದ. ಎಳೆದೆವು. ಸೀನ "ಅಯ್ಯಬ್ಬ" ಎಂದ. ನಾಟಕವಲ್ಲ, ಅವನಿಗೆ ನಿಜವಾಗಿಯೂ ನೋವಾಗಿತ್ತು. ಯಾರೂ ನಗಲಿಲ್ಲ.

ಕಂಬದೊಳಗಿನಿಂದ ಈಗ ಹೆಣ್ಣು ಸ್ವರ ಬಂತು. ದೂರದ್ದು, ಎರಡು ಫೋನು ದಾಟಿ ಬಂದದ್ದು. "ಸಾಕು. ಅವರನ್ನು ಇಳಿಸಿ. ಬೀಗ ಇವತ್ತೇ ತೆಗೆಯಬೇಕು. ಗೇಟು ಏನಾಗಬೇಕು ಎನ್ನುವುದನ್ನು ಮುಂದಿನ ವಾರ ತೀರ್ಮಾನ ಮಾಡುತ್ತೇನೆ. ಅದಕ್ಕೂ ಮೊದಲು ಅರ್ಜಿದಾರರ ಮಾತು ನನಗೆ ನೇರವಾಗಿ ಕೇಳಬೇಕು. ಹೀಗಲ್ಲ."

ಸಂಜೆಗೆ ಮುಂಚೆ ತೋಟದ ಮನೆಯ ಆಳು ಬಂದು ಬೀಗ ತೆಗೆದ. ನಮ್ಮ ಮುಖ ನೋಡದೆ ಹೋದ. ಅವನೂ ನಮ್ಮಂತೆ ಬಿಸಿಲಿಗೆ ದುಡಿಯುವವನೇ.

ಸೀತು ಅಲ್ಲಿಗೆ ನಿಲ್ಲಿಸಲಿಲ್ಲ. ಲತೀಶನನ್ನು ಮತ್ತೆ ಕರೆಸಿದಳು. ಅವನು ಮತ್ತೆ ಜಯಣ್ಣ, ಗಿರಾಕಿ ಎಂದು ಶುರು ಮಾಡಿದ. ಆಗ ತಿಮ್ಮಕ್ಕ ಎದ್ದು ನಿಂತಳು.

"ಮಳೆಗಾಲದಲ್ಲಿ ಮರ ಬಿದ್ದು ನಿನ್ನ ಕೇಬಲ್ ತುಂಡಾದ್ರೆ ಕೊಂಬೆ ಕಡಿದು ಎತ್ತಿ ಕಟ್ಟುದು ಯಾರು?"

"ನೀವೇ, ಅಜ್ಜಿ."

"ಇನ್ನು ಮುಟ್ಟುದಿಲ್ಲ."

"ಅಜ್ಜಿ?"

"ನಿನ್ನ ಕೇಬಲನ್ನು ನಾವು ಇನ್ನು ಮುಟ್ಟುದಿಲ್ಲ. ನಮಗೆ ಅದು ಮೈಲಿಗೆ."

ನಗು ಎಲ್ಲಿಂದ ಎದ್ದಿತೋ ಗೊತ್ತಿಲ್ಲ. ಮುದುಕರು ನೆಲಕ್ಕೆ ಕೂತು ನಕ್ಕರು. ಸೀನ ಕಾಲು ಹಿಡಿದುಕೊಂಡು ನಕ್ಕ. ನಮ್ಮ ಅಜ್ಜಿಯರು ಅಂಗಳದಾಚೆ ನಿಂತು ಕೇಳಿಸಿಕೊಂಡ ಮಾತು ಅದು. ಅದನ್ನು ನಾವೂ ಹೇಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಲತೀಶನೂ ನಕ್ಕ. ಆಮೇಲೆ ಅವನ ಮುಖ ಸಪ್ಪೆಯಾಯಿತು. ಮಳೆಗಾಲ ದೂರವಿರಲಿಲ್ಲ.

"ಆಯ್ತು. ಎರಡು ಲೈನಿಗೆ ಅರ್ಧ ಅರ್ಧ ಮಾಡ್ತೇನೆ. ಅವರದ್ದು ಎಷ್ಟು ಕ್ಯಾಮೆರಾ ಇದ್ದರೂ ಅರ್ಧದೊಳಗೆ."

ನಮಗೆಲ್ಲ ಅಷ್ಟೇ ಸಾಕೆನಿಸಿತು. ಸೀತು ತಲೆ ಅಲ್ಲಾಡಿಸಿದಳು.

"ಅಲ್ಲಿ ಒಂದು ಮನೆ. ಇಲ್ಲಿ ಹದಿನಾಲ್ಕು. ನೀನು ಕ್ಯಾಮೆರಾ ಎಣಿಸಿದ್ದಿ, ಈಗ ವಯರು ಎಣಿಸ್ತಿ. ಮನೆ ಎಣಿಸು."

"ಹದಿನೈದರಲ್ಲಿ ಒಂದು ಪಾಲಾ ಅವರಿಗೆ? ಜಯಣ್ಣ ನನ್ನನ್ನು ಕೊಂದು ಹಾಕ್ತಾರೆ!"

"ಕೇಳು ಮಾರಾಯ. ನಾವು ಕೆಲಸಕ್ಕೆ ಹೋದಾಗ, ಮಲಗಿದಾಗ, ಎಲ್ಲ ಅವರೇ ತಕೊಳ್ಳಲಿ. ನಾವೆಂತ ಅದನ್ನು ಡಬ್ಬಿಯಲ್ಲಿ ತುಂಬಿಸಿ ಇಡ್ಲಿಕ್ಕುಂಟಾ? ಯಾರಿಗೆ ಸ್ವಲ್ಪ ಸಾಕೋ ಅವರು ಸ್ವಲ್ಪ ತಕೊಳ್ಳಲಿ, ಉಳಿದದ್ದು ಬೇಕಾದವರಿಗೆ ಹೋಗ್ಲಿ. ಎಲ್ಲರಿಗೂ ಒಟ್ಟಿಗೆ ಬೇಕಾದಾಗ ಮಾತ್ರ ಮನೆಗೊಂದು ಪಾಲು. ನಿನ್ನ ಬಾಕ್ಸಿಗೆ ಹಾಗೆ ಮಾಡ್ಲಿಕ್ಕೆ ಬರ್ತದಾ?"

"ಬರ್ತದೆ."

"ಬರ್ತದೆ ಅಂತಾದ್ರೆ ಮೊದಲೇ ಯಾಕೆ ಮಾಡ್ಲಿಲ್ಲ?"

ಲತೀಶ್ ಲ್ಯಾಪ್‌ಟಾಪು ತೆರೆದ.

ಜಯಪ್ರಕಾಶರು ಫೋನಿನಲ್ಲಿ ಕೂಗಾಡಿದರು. ಅವರು ದನಿ ಎತ್ತಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಬೇರೆ ಕೇಬಲಿನವನನ್ನು ಕರೆಸುತ್ತೇನೆ ಎಂದರು. ಬೇರೆಯವನಿಗೂ ಕಂಬ ಬೇಕು, ಹೊರುವವರು ಬೇಕು. ಕೊನೆಗೆ ಹಗಲು ಹೊತ್ತಿನಲ್ಲಿ ಕೆಲವು ಕ್ಯಾಮೆರಾ ನಿಲ್ಲಿಸಿದರು. ಗೊಬ್ಬರದ ಗುಂಡಿಯದ್ದು ಮೊದಲು ಹೋಯಿತು. ನಾಯಿಯದ್ದನ್ನು ಉಳಿಸಿಕೊಂಡರು. ನಮಗೆ ಅಡ್ಡಿಯಿಲ್ಲ. ಯಜಮಾನನ ಪಾಲಿನಲ್ಲಿ ಅದೂ ಇರಲಿ.

ಮುಂದಿನ ವಾರ ಸೀತು ಭವನದ ಬೆಂಚಿನಲ್ಲಿ ಕೂತಳು. ಪರದೆಯಲ್ಲಿ ಅವಳು ತಲೆ ತಿರುಗಿಸಿದರೆ ತಿರುಗಿತು. ಮೇಡಂ ನೋಡಿದರು. ಜಯಪ್ರಕಾಶರ ವಕೀಲರು ಗಂಟಲು ಸರಿಪಡಿಸಿಕೊಂಡು, ಸಮಯ ಕಡಿಮೆ ಇದೆ ಎಂದರು.

"ಅರ್ಜಿದಾರರೇ, ಈಗ ಸರಿಯಾಗಿ ಕಾಣುತ್ತಿದ್ದೀರಿ," ಎಂದರು ಮೇಡಂ. "ನಿಮ್ಮದನ್ನು ಸಂಕ್ಷಿಪ್ತವಾಗಿ ಹೇಳಿ."

"ಆಗುದಿಲ್ಲ ಮೇಡಂ."

"ಏನು?"

"ಸಂಕ್ಷಿಪ್ತ ಆಗುದಿಲ್ಲ. ಉದ್ದ ಉಂಟು."

ಮೇಡಂ ಪೆನ್ನು ಕೆಳಗಿಟ್ಟರು. "ಹೇಳಿ," ಎಂದರು.

ಸೀತು ಬೆಂಚನ್ನು ಒಂದಿಷ್ಟು ಮುಂದೆ ಎಳೆದುಕೊಂಡಳು. ಸೀನನ ಅಜ್ಜ ಹಾರೆ ಹಿಡಿದು ದಾರಿಯ ಮೊದಲನೆಯ ಕಲ್ಲು ಕಿತ್ತಲ್ಲಿಂದ ಶುರು ಮಾಡಿದಳು. ಆ ಕಲ್ಲಿನ ಅಡಿಯಲ್ಲಿ ಹಾವಿದ್ದದ್ದನ್ನೂ ಹೇಳಿದಳು. ಅರ್ಧದಲ್ಲಿ ಹೊರಗೆ ದೊಡ್ಡ ಸದ್ದಾಯಿತು. ಗ್ಯಾಸಿನ ಗಾಡಿ. ಗುಡ್ಡ ಹತ್ತಿ ಭವನದ ಬಾಗಿಲಿಗೇ ಬಂದು ನಿಂತಿತ್ತು. ಡ್ರೈವರ್ ಹಾರನ್ ಹೊಡೆದ. ಯಾರೂ ಏಳಲಿಲ್ಲ. ಮತ್ತೆ ಹೊಡೆದ.

ಸೀತು ಕಿಟಕಿಯ ಕಡೆ ತಿರುಗಿದಳು.

"ಸ್ವಲ್ಪ ನಿಲ್ಲು ಮಾರಾಯ," ಎಂದಳು. "ನಾನು ಮಾತಾಡ್ತಾ ಇದ್ದೇನೆ."